ಹೊಗೆ ಎದ್ದಲ್ಲಿಗೆ ಹದ್ದು ಬರುವುದೇಕೆ?

ಬೇಸಗೆಯಲ್ಲಿ ಬನಶಂಕರಿ 6ನೇ ಹಂತಕ್ಕೆ ಹತ್ತಿರದ ತುರಹಳ್ಳಿ ಕಾಡಿನ ಒಣಹುಲ್ಲಿಗೆ ಬೆಂಕಿ ಬಿದ್ದರೆ, ಹೊಗೆಯ ಮೇಲೆ ಹದ್ದುಗಳು ಸುತ್ತುವುದನ್ನು ನೋಡಬಹುದು. ಉಳಿದ ಪ್ರಾಣಿಗಳೆಲ್ಲ ಬೆಂಕಿಯಿಂದ ದೂರ ಓಡುವಾಗ ಇವು ಹತ್ತಿರ ಬರುವುದೇಕೆ?

ಊಟಕ್ಕಾಗಿ! ಬೆಂಕಿ ಮುಂದುವರೆದಂತೆ ಹುಲ್ಲಿನಲ್ಲಿ ಅಡಗಿದ್ದ ಮಿಡತೆ, ಓತಿ, ಇಲಿಗಳು ಬಯಲಿಗೆ ಬರುತ್ತವೆ. ಹದ್ದುಗಳಿಗೆ ಅವನ್ನು ಹಿಡಿಯುವುದು ಸುಲಭ. ಕಾಜಾಣಗಳೂ ಹೀಗೆಯೇ ಬೆಂಕಿಯಂಚಿನಲ್ಲಿ ಕೀಟಗಳನ್ನು ಹಿಡಿಯುತ್ತವೆ. ಹೊಗೆಗೂ ಆಹಾರಕ್ಕೂ ಇರುವ ನಂಟನ್ನು ಗುರುತಿಸುವುದು ಹಕ್ಕಿಗಳ ಜಾಣತನದ ಒಂದು ಉದಾಹರಣೆ. ಬಿಟಿಎಂ ಲೇಔಟಿನ ಮಾಂಸದಂಗಡಿಗಳ ಮೇಲೆ ಹದ್ದು ಸುತ್ತುವುದರ ಹಿಂದೆಯೂ ಇಂಥದ್ದೇ ಲೆಕ್ಕಾಚಾರವಿದೆ.

ಅಂದಹಾಗೆ ಇದು ಗರುಡವಲ್ಲ. ಗರುಡದ ತಲೆ ಮತ್ತು ಎದೆ ಬಿಳಿ, ಮೈ ಕೆಂಗಂದು. ನಾವು ನಗರದಲ್ಲಿ ಹೆಚ್ಚಾಗಿ ನೋಡುವ ಹದ್ದಿನ ಮೈಯೆಲ್ಲ ಕಂದು, ಬಾಲದ ತುದಿ ಕವಲು.

ಹಕ್ಕಿಯೇ ಬೆಂಕಿ ಹಚ್ಚುತ್ತದೆಯೇ?

ಇದೇ ಪ್ರಭೇದದ ಹದ್ದು ಆಸ್ಟ್ರೇಲಿಯಾದಲ್ಲೂ ಇದೆ. ಅದು ಉರಿಯುವ ಕಡ್ಡಿಯನ್ನು ಕಾಲಲ್ಲೋ ಕೊಕ್ಕಲ್ಲೋ ಎತ್ತಿಕೊಂಡು ಹೋಗಿ ಬೇರೆಡೆಯ ಒಣಹುಲ್ಲಿನ ಮೇಲೆ ಹಾಕುತ್ತದೆ ಎನ್ನುವುದು ಅಲ್ಲಿನ ಉತ್ತರ ಭಾಗದ ಮೂಲನಿವಾಸಿಗಳ ಬಹುಕಾಲದ ತಿಳಿವಳಿಕೆ. ಮಾರ್ಕ್ ಬೊಂಟಾ, ಬಾಬ್ ಗಾಸ್ಫೋರ್ಡ್ ಮತ್ತು ಸಂಗಡಿಗರು ಇಂಥ ಪ್ರತ್ಯಕ್ಷದರ್ಶಿಗಳ ವಿವರಗಳನ್ನು ಸಂಗ್ರಹಿಸಿ 2017ರಲ್ಲಿ ಪ್ರಕಟಿಸಿದರು. ಹದ್ದಿನ ಜೊತೆಗೆ ಇನ್ನೂ ಎರಡು ಬೇಟೆಹಕ್ಕಿಗಳ ಹೆಸರು ಅದರಲ್ಲಿದೆ.

ಹಕ್ಕಿ ಇದನ್ನು ಬೇಕೆಂದೇ ಮಾಡುತ್ತದೆ ಎನ್ನುವುದು ಆ ಸಂಶೋಧಕರ ವಾದ. ಬೇಟೆಗೆ ಎರಗುವಾಗ ಕಾಲಿಗೆ ಸಿಕ್ಕ ಕೊಳ್ಳಿಯನ್ನು ಅದು ಆಮೇಲೆ ಕೆಳಗೆ ಬಿಟ್ಟಿರಲೂಬಹುದು ಎನ್ನುವುದು ಸಂದೇಹಿಗಳ ಮಾತು. ನೋಡಿದವರ ಮಾತನ್ನು ತಳ್ಳಿಹಾಕುವಂತಿಲ್ಲ; ಆದರೆ ಹಕ್ಕಿಯ ಉದ್ದೇಶವನ್ನು ಸಾಬೀತುಪಡಿಸಲು ಅಷ್ಟೇ ಸಾಲದು.

ಹಾಗಾದರೆ ನಮ್ಮ ಹುಲ್ಲಿಗೆ ಬೆಂಕಿ ಇಟ್ಟವರು ಯಾರು?

ಹದ್ದಂತೂ ಅಲ್ಲ. ಆಸ್ಟ್ರೇಲಿಯಾದ ಕತೆಯಲ್ಲೂ ಹಕ್ಕಿ ಹೊತ್ತೊಯ್ಯುವುದು ಮೊದಲೇ ಇರುವ ಬೆಂಕಿಯನ್ನು. ನಮ್ಮ ಒಣ ಕಾಡುಗಳಲ್ಲಿ ಬೇಸಗೆಯ ಬೆಂಕಿಗೆ ಬಹುಪಾಲು ಕಾರಣ ಮನುಷ್ಯರೇ: ಎಸೆದ ಬೀಡಿ, ಆರಿಸದ ಒಲೆ, ಸುಟ್ಟ ಕಸ, ಕೆಲವೊಮ್ಮೆ ಬೇಕೆಂದೇ ಗೀರಿದ ಕಡ್ಡಿ. 2019ರ ಫೆಬ್ರವರಿಯಲ್ಲಿ ಬಂಡೀಪುರದ ಸಾವಿರಾರು ಎಕರೆ ಸುಟ್ಟದ್ದು ಮನುಷ್ಯರು ಹಚ್ಚಿದ ಬೆಂಕಿಯಿಂದಲೇ.

ಹದ್ದಿಗೆ ಬೆಂಕಿ ಒಂದು ಹೊತ್ತಿನ ಊಟ. ಆದರೆ ಟಿಟ್ಟಿಭ, ಗೌಜಲಹಕ್ಕಿಗಳು ನೆಲದ ಮೇಲೆಯೇ ಮೊಟ್ಟೆಯಿಡುತ್ತವೆ. ಬೆಂಕಿ ಬಂದರೆ ತಾಯಿ ಹಾರಿಹೋಗಬಹುದು, ಮೊಟ್ಟೆಗಳು ಹಾರಲಾರವು. ಆದ್ದರಿಂದ ಜೆ.ಪಿ. ನಗರದ ಖಾಲಿ ನಿವೇಶನವೇ ಇರಲಿ, ತುರಹಳ್ಳಿಯ ಬಂಡೆಯ ಬದಿಯೇ ಇರಲಿ, ಹೊಗೆಯ ಮೇಲೆ ಹದ್ದು ಸುತ್ತುವುದನ್ನು ಕಂಡರೆ ಫೋಟೋ ತೆಗೆಯುವ ಮುನ್ನ 112ಕ್ಕೆ ಕರೆ ಮಾಡಿ.