ಕಂಬಳಿ, ಇಸುಬು ಮತ್ತು ಬಟ್ಟಲಿನ ಚರ್ಮ

ಚಳ್ಳಕೆರೆಯ ಕಂಬಳಿಗೂ ಮೊಳಕಾಲ್ಮೂರಿನ ರೇಷ್ಮೆ ಸೀರೆಗೂ ನಾಡಿನಲ್ಲಿ ಹೆಸರಿದೆ. ಆದರೆ ಇಸುಬು ಇದ್ದವರ ಮೈಗೆ ಎರಡೂ ಒಂದೇ ಅಲ್ಲ. ಕುರಿಯ ಒರಟು ಉಣ್ಣೆ ಚುಚ್ಚಿ ನವೆ ಎಬ್ಬಿಸುತ್ತದೆ. ಕೆರೆದಷ್ಟೂ ಚರ್ಮ ಕಿತ್ತು ರಸಿಕೆ ಸೋರುತ್ತದೆ. ಒಣಹವೆಯಲ್ಲಿ ಅದು ಇನ್ನೂ ಜಾಸ್ತಿ. ಮಗುವಿಗೆ ಇಸುಬಾದರೆ ತಾಯಿಗೂ ರಾತ್ರಿ ನಿದ್ದೆಯಿಲ್ಲ.

ಇಸುಬು ಕಜ್ಜಿಯಲ್ಲ, ಅಂಟುರೋಗವೂ ಅಲ್ಲ. ಚರ್ಮದ ಮೇಲ್ಪದರದಲ್ಲಿ ಕೋಶಗಳು ಹಂಚಿನಂತೆ ಒತ್ತಾಗಿ ಕೂತಿರುತ್ತವೆ. ಅವುಗಳ ನಡುವೆ ಕೊಬ್ಬಿನ ಗಾರೆ. ಈ ಚಾವಣಿಯನ್ನು ಬಿಗಿಯಾಗಿಡುವ ಒಂದು ಪ್ರೋಟೀನಿನ ಹೆಸರು ಫಿಲಾಗ್ರಿನ್. ಅದರ ಜೀನ್ ಕೆಟ್ಟವರಲ್ಲಿ ಇಸುಬು ಹೆಚ್ಚೆಂದು ಸ್ಕಾಟ್ಲೆಂಡಿನ ಡಂಡೀ ವಿಶ್ವವಿದ್ಯಾಲಯದ ವಿಜ್ಞಾನಿಗಳು 2006ರಲ್ಲಿ ತೋರಿಸಿದರು. ಚಾವಣಿ ಸೋರಿದರೆ ಒಳಗಿನ ನೀರು ಆರುತ್ತದೆ, ಹೊರಗಿನ ಧೂಳು ಒಳಗಿಳಿಯುತ್ತದೆ.

ಹಾಗಾದರೆ ಹೊಸ ಮುಲಾಮನ್ನು ಮೊದಲು ಯಾರ ಮೇಲೆ ಹಚ್ಚಿ ನೋಡುವುದು? ಇಲಿಯ ಚರ್ಮ ತೆಳು, ಮೈತುಂಬ ರೋಮ, ಮನುಷ್ಯನದಕ್ಕೆ ಸಾಟಿಯಲ್ಲ. ಮನುಷ್ಯನ ಚರ್ಮಕೋಶಗಳನ್ನು ಬಟ್ಟಲಿನಲ್ಲಿ ಬೆಳೆಸುವ ದಾರಿಯನ್ನು ಅಮೆರಿಕದ ರೈನ್‌ವಾಲ್ಡ್ ಮತ್ತು ಗ್ರೀನ್ 1975ರಲ್ಲಿ ತೋರಿಸಿದ್ದರು. ಈಗ ಶಸ್ತ್ರಚಿಕಿತ್ಸೆಯಲ್ಲಿ ಉಳಿದ ಚರ್ಮದಿಂದ ಕೋಶ ತೆಗೆದು, ಕೊಲಾಜೆನ್ ಹಾಸಿನ ಮೇಲೆ ಬಿತ್ತುತ್ತಾರೆ. ಕೆಳಗಿನಿಂದ ಪೋಷಕ ದ್ರವ, ಮೇಲಿನಿಂದ ಗಾಳಿ. ಕೆಲವೇ ವಾರಗಳಲ್ಲಿ ಪದರ ಪದರವಾಗಿ ಚರ್ಮ ಸಿದ್ಧ. ಫಿಲಾಗ್ರಿನ್ ತಗ್ಗಿಸಿದರೆ, ಅಥವಾ ಉರಿಯೂತ ಎಬ್ಬಿಸುವ ಇಂಟರ್‌ಲ್ಯೂಕಿನ್-4 ಮತ್ತು 13 ಬೆರೆಸಿದರೆ, ಆ ಚರ್ಮ ಇಸುಬಿನ ಲಕ್ಷಣ ತೋರುತ್ತದೆ. ಅದರ ಮೇಲೆ ಮುಲಾಮು ಹಚ್ಚಿ, ಸೋರಿಕೆ ನಿಂತಿತೇ ಎಂದು ಅಳೆಯಬಹುದು.

ಕೊರತೆಯೂ ಇದೆ. ಬಟ್ಟಲಿನ ಚರ್ಮಕ್ಕೆ ಸಾಮಾನ್ಯವಾಗಿ ನರವಿಲ್ಲ, ರಕ್ತನಾಳವಿಲ್ಲ. ನವೆ ಏನೆಂದು ಅದಕ್ಕೆ ಗೊತ್ತೇ ಇಲ್ಲ! ಕೊನೆಯ ಪರೀಕ್ಷೆ ಮನುಷ್ಯರ ಮೇಲೆಯೇ ಆಗಬೇಕು. ಆದರೂ ಕೆಲಸಕ್ಕೆ ಬಾರದ ಔಷಧಗಳನ್ನು ಮೊದಲೇ ಜರಡಿ ಹಿಡಿಯಬಹುದು. ಪ್ರಾಣಿಗಳನ್ನು ಬಿಟ್ಟು ಇಂಥ ವಿಧಾನಗಳಲ್ಲಿ ಔಷಧ ಪರೀಕ್ಷಿಸಲು ಭಾರತದ ನಿಯಮಗಳೂ 2023ರಲ್ಲಿ ಅವಕಾಶ ಕೊಟ್ಟವು.

ಹಳ್ಳಿಯವರಿಗೆ ಇದರಿಂದ ಏನು? ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಸ್ಟೀರಾಯ್ಡ್ ಟ್ಯೂಬನ್ನು ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ. ಇಂಥ ಹಲವು ಮುಲಾಮುಗಳನ್ನು ಚೀಟಿಯಿಲ್ಲದೆ ಮಾರದಂತೆ ಸರ್ಕಾರ 2018ರಲ್ಲಿ ಕಟ್ಟುಮಾಡಿತು. ಆ ಅಪಾಯ ಮಗುವಿನ ಕೆನ್ನೆಯಲ್ಲಿ ಕಾಣುವ ಮೊದಲು ಬಟ್ಟಲಿನಲ್ಲಿ ಕಂಡರೆ ಒಳ್ಳೆಯದಲ್ಲವೆ?

ಅಲ್ಲಿಯವರೆಗೆ ಸ್ನಾನವಾದೊಡನೆ, ಮೈ ಪೂರ್ತಿ ಆರುವ ಮೊದಲೇ ವ್ಯಾಸಲೀನ್ ಹಚ್ಚಿ. ಟ್ಯೂಬನ್ನು ವೈದ್ಯರು ಹೇಳಿದಷ್ಟು ದಿನ ಮಾತ್ರ ಬಳಸಿ. ಕಂಬಳಿ ಬಿಡಬೇಕಾಗಿಲ್ಲ, ಮೈಗೂ ಅದಕ್ಕೂ ನಡುವೆ ಒಂದು ಹತ್ತಿ ಬಟ್ಟೆ ಇರಲಿ.