ನಿಂತ ಸ್ಕೂಟರು ಹೊರಡದೇಕೆ?

2020ರ ಲಾಕ್‌ಡೌನ್ ಮುಗಿದಾಗ, ವಾರಗಟ್ಟಲೆ ನಿಂತಿದ್ದ ಎಷ್ಟೋ ಸ್ಕೂಟರುಗಳು ಸ್ಟಾರ್ಟ್ ಆಗಲಿಲ್ಲ. ಓಡಿಸದಿದ್ದರೆ ಸವೆತವಿಲ್ಲ, ನಿಜ. ಆದರೆ ಒಳಗಿನ ರಾಸಾಯನಿಕ ಕ್ರಿಯೆ ನಿಲ್ಲುವುದಿಲ್ಲ.

ಸೀಸ-ಆಮ್ಲ ಬ್ಯಾಟರಿ ತಾನಾಗಿಯೇ ಬರಿದಾಗುತ್ತ ಹೋಗುತ್ತದೆ. ಫಲಕಗಳ ಮೇಲೆ ಸೀಸದ ಸಲ್ಫೇಟ್ ಹರಳುಗಟ್ಟುತ್ತದೆ. ಪೂರ್ತಿ ಚಾರ್ಜಾದಾಗ ಸುಮಾರು 12.6 ವೋಲ್ಟ್ ಇರುವುದು 12ಕ್ಕಿಂತ ಕೆಳಗಿಳಿದರೆ ಸ್ಟಾರ್ಟರ್ ಮೋಟಾರಿಗೆ ಶಕ್ತಿ ಸಾಲದು. ಮೊದಲು ಚಾರ್ಜ್ ಮಾಡಿಸಬೇಕು.

ಕಿಕ್ ಹೊಡೆದರೂ ಹೊರಡದಿದ್ದರೆ, ಹಳೆಯ ಮಾದರಿಗಳಲ್ಲಿ ಕಾರ್ಬುರೇಟರ್ ನೋಡಬೇಕು. ಅಲ್ಲಿ ಪೆಟ್ರೋಲಿನ ಹಗುರ ಅಂಶ ಆವಿಯಾಗಿ, ಉಳಿದದ್ದು ಅಂಟಾಗಿ ಜೆಟ್ಟಿನ ಸಣ್ಣ ರಂಧ್ರವನ್ನು ಮುಚ್ಚಿರುತ್ತದೆ. ಅದನ್ನು ಶುಚಿಗೊಳಿಸಿ, ಹೊಸ ಪೆಟ್ರೋಲು ತುಂಬಿ, ಕೊನೆಗೆ ಸ್ಪಾರ್ಕ್ ಪ್ಲಗ್ ಒರೆಸಿ ನೋಡಬೇಕು.

ಟ್ಯಾಂಕಿನಲ್ಲಿ ಎಷ್ಟಿದೆಯೆಂದು ನೋಡಲು ಯಾರೂ ಬೆಂಕಿಕಡ್ಡಿ ಗೀರಲೇಬಾರದು. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ನೆಲದ ಮೇಲೆ ಹರಡಿ, ದೂರದ ಕಿಡಿಗೂ ಹೊತ್ತಿಕೊಳ್ಳುತ್ತದೆ.