ಹೋಂ ನರ್ಸಿಂಗ್ ಸಂಸ್ಥೆಗಳು: ಬೇಡಿಕೆ ಇದೆ, ಬಾಳಿಕೆ ಇಲ್ಲ

ಮಂಗಳೂರು: 'ಹೋಂ ನರ್ಸ್ ದೊರೆಯುತ್ತಾರೆ', 'ಹೋಂ ನರ್ಸ್ ಬೇಕಾಗಿದ್ದಾರೆ'. ಕರಾವಳಿಯ ಪಟ್ಟಣಗಳ ಗೋಡೆಗಳಲ್ಲೂ ಪತ್ರಿಕೆಗಳ ವರ್ಗೀಕೃತ ಜಾಹೀರಾತುಗಳಲ್ಲೂ ಈ ಎರಡು ಸಾಲುಗಳು ಸದಾ ಕಾಣಸಿಗುತ್ತವೆ. ಅನೇಕ ವೇಳೆ ಎರಡರ ಕೆಳಗೂ ಇರುವುದು ಒಂದೇ ದೂರವಾಣಿ ಸಂಖ್ಯೆ. ಆರೈಕೆ ಬಯಸುವವರು ಸಾಲುಗಟ್ಟಿ ನಿಂತಿದ್ದಾರೆ, ಆರೈಕೆ ಮಾಡುವವರು ಸಿಗುತ್ತಿಲ್ಲ ಎಂಬ ಸ್ಥಿತಿಗೆ ಇದಕ್ಕಿಂತ ಬೇರೆ ಪುರಾವೆ ಬೇಕಿಲ್ಲ.

ಬೇಡಿಕೆಯ ಬಗ್ಗೆ ಅನುಮಾನವಿಲ್ಲ. 2011ರ ಜನಗಣತಿಯ ವೇಳೆಗೇ ದೇಶದ ಜನಸಂಖ್ಯೆಯಲ್ಲಿ 60 ವರ್ಷ ದಾಟಿದವರ ಪಾಲು ಶೇ 8.6 ಇತ್ತು. ಕರ್ನಾಟಕದಲ್ಲಿ ಅದು ಶೇ 9.5. ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿಯು 2023ರಲ್ಲಿ ಹೊರತಂದ ವರದಿಯ ಪ್ರಕಾರ 2050ರ ಹೊತ್ತಿಗೆ ದೇಶದ ಪ್ರತಿ ಐವರಲ್ಲಿ ಒಬ್ಬರು ಹಿರಿಯ ನಾಗರಿಕರಾಗಿರುತ್ತಾರೆ. ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಲ್ಲಿ ಮಕ್ಕಳು ಮುಂಬೈ, ಬೆಂಗಳೂರು, ಕೊಲ್ಲಿ ರಾಷ್ಟ್ರಗಳನ್ನು ಸೇರಿ ದಶಕಗಳೇ ಕಳೆದಿವೆ. ಊರಿನ ದೊಡ್ಡ ಮನೆಗಳಲ್ಲಿ ಉಳಿದಿರುವುದು ವೃದ್ಧ ದಂಪತಿ, ಇಲ್ಲವೇ ಅವರಲ್ಲೊಬ್ಬರು ಮಾತ್ರ. ಪಾರ್ಶ್ವವಾಯು ಬಡಿದವರನ್ನು, ಸೊಂಟದ ಮೂಳೆ ಮುರಿದವರನ್ನು ಆಸ್ಪತ್ರೆ ಕೆಲವೇ ದಿನಗಳಲ್ಲಿ ಮನೆಗೆ ಕಳುಹಿಸುತ್ತದೆ. ಅವರಿಗೆ ಬೇಕಾದ ಆರೈಕೆಯಾದರೋ ತಿಂಗಳುಗಟ್ಟಲೆಯದು.

ಇಷ್ಟೊಂದು ಬೇಡಿಕೆಯಿದ್ದೂ ಈ ಸಂಸ್ಥೆಗಳಲ್ಲಿ ಹಲವು ಕೆಲವೇ ವರ್ಷಗಳಲ್ಲಿ ಬಾಗಿಲು ಹಾಕುತ್ತವೆ ಅಥವಾ ಹೆಸರು ಬದಲಿಸಿಕೊಳ್ಳುತ್ತವೆ. ಇದಕ್ಕೆ ನಡೆಸುವವರ ಅದಕ್ಷತೆ, ದುರಾಸೆಗಳಷ್ಟೇ ಕಾರಣವೆಂದು ಹೇಳಿ ಮುಗಿಸುವಂತಿಲ್ಲ. ಪ್ರಾಮಾಣಿಕವಾಗಿ ನಡೆಸಲು ಹೊರಟವರೇ ಮೊದಲು ಸೋಲುವಂತಹ ವ್ಯವಸ್ಥೆ ಇಲ್ಲಿ ರೂಪುಗೊಂಡಿದೆ.

ಹೆಸರಿನಲ್ಲೇ ಗೊಂದಲ

ಸಮಸ್ಯೆ 'ಹೋಂ ನರ್ಸ್' ಎಂಬ ಹೆಸರಿನಿಂದಲೇ ಆರಂಭವಾಗುತ್ತದೆ. ಎಎನ್‌ಎಂ, ಜಿಎನ್‌ಎಂ ಅಥವಾ ಬಿಎಸ್ಸಿ ನರ್ಸಿಂಗ್ ವ್ಯಾಸಂಗ ಮಾಡಿ ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡವರು ದಾದಿಯರು. ಮನೆಗಳಿಗೆ ಹೋಗುವ ಬಹುತೇಕ 'ಹೋಂ ನರ್ಸ್'ಗಳು ಈ ವರ್ಗಕ್ಕೆ ಸೇರಿದವರಲ್ಲ. ಸ್ನಾನ ಮಾಡಿಸುವುದು, ಊಟ ಉಣಿಸುವುದು, ಮಗ್ಗುಲು ಬದಲಿಸುವುದು ಮುಂತಾದ ಕೆಲಸಗಳನ್ನು ಅನುಭವದಿಂದಲೇ ಕಲಿತ ಸಹಾಯಕಿಯರು ಅವರು. ಘಟ್ಟದ ಮೇಲಿನ ಜಿಲ್ಲೆಗಳಿಂದ, ಈಚೆಗೆ ಹೊರ ರಾಜ್ಯಗಳಿಂದಲೂ ಬಂದ ಬಡ ಕುಟುಂಬದ ಮಹಿಳೆಯರ ಸಂಖ್ಯೆ ಇವರಲ್ಲಿ ಗಣನೀಯ.

ಸಹಾಯಕಿಯ ಕೆಲಸ ಕೀಳಲ್ಲ. ಮಲಗಿದಲ್ಲೇ ಇರುವ ರೋಗಿಗೆ ಬೆನ್ನುಹುಣ್ಣು ಆಗದಂತೆ ನೋಡಿಕೊಳ್ಳುವುದು ಅನೇಕ ಔಷಧಗಳಿಗಿಂತ ಮಿಗಿಲಾದ ಚಿಕಿತ್ಸೆ. ಆದರೆ ಮನೆಯವರು ಕೊಡಲು ಸಿದ್ಧವಿರುವುದು ಸಹಾಯಕಿಯ ಸಂಬಳ, ನಿರೀಕ್ಷಿಸುವುದು ದಾದಿಯ ಕೆಲಸ. ಇನ್ಸುಲಿನ್ ಚುಚ್ಚುವುದು, ಮೂಗಿನ ನಳಿಕೆಯ ಮೂಲಕ ಆಹಾರ ಕೊಡುವುದು, ಮೂತ್ರದ ಕೊಳವೆಯ ನಿರ್ವಹಣೆ ಎಲ್ಲವೂ ಕ್ರಮೇಣ ಅವಳ ಹೆಗಲೇರುತ್ತವೆ. ನಳಿಕೆಯ ಆಹಾರ ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೇ ಅಪಾಯ. ಅಂತಹ ಸಂದರ್ಭದಲ್ಲಿ ಹೊಣೆ ಸಹಾಯಕಿಯದೇ, ಕಳುಹಿಸಿದ ಸಂಸ್ಥೆಯದೇ, ನಳಿಕೆ ಹಾಕಿ ಮನೆಗೆ ಕಳುಹಿಸಿದ ಆಸ್ಪತ್ರೆಯದೇ? ಬಹುಪಾಲು ಪ್ರಕರಣಗಳಲ್ಲಿ ಇದಕ್ಕೆ ಉತ್ತರ ಕೊಡಬಲ್ಲ ಲಿಖಿತ ಕರಾರು ಇರುವುದಿಲ್ಲ.

ತರಬೇತಿಗೆ ದಾರಿಯೇ ಇಲ್ಲವೆಂದಲ್ಲ. ಕೇಂದ್ರದ ಕೌಶಲ ಅಭಿವೃದ್ಧಿ ಯೋಜನೆಯಡಿ 'ಗೃಹ ಆರೋಗ್ಯ ಸಹಾಯಕ' ಎಂಬ ಅಲ್ಪಾವಧಿ ಶಿಕ್ಷಣಕ್ರಮವಿದೆ. ಆದರೆ ಪ್ರಮಾಣಪತ್ರ ಪಡೆದವಳಿಗೂ ಪಡೆಯದವಳಿಗೂ ಮಾರುಕಟ್ಟೆ ಒಂದೇ ಸಂಬಳ ಕೊಡುವಾಗ, ತಿಂಗಳುಗಟ್ಟಲೆ ದುಡಿಮೆ ಬಿಟ್ಟು ಕಲಿಯಲು ಯಾರು ಮುಂದೆ ಬರುತ್ತಾರೆ?

ಹನ್ನೆರಡು ಗಂಟೆಯ ಲೆಕ್ಕ

ಈ ಉದ್ಯಮ ನಿಂತಿರುವುದು 12 ಗಂಟೆಗಳ ಪಾಳಿಯ ಮೇಲೆ. ಇಲ್ಲಿನ ಗಣಿತವನ್ನು ಬಿಡಿಸಿ ನೋಡಿದರೆ ರೋಗದ ಮೂಲ ತಿಳಿಯುತ್ತದೆ. ದುಡಿಮೆಗೆ ಸಾಮಾನ್ಯವಾಗಿ ಒಪ್ಪಿತವಾದ ಮಿತಿ ವಾರಕ್ಕೆ 48 ಗಂಟೆ. ದಿನಕ್ಕೆ 12 ಗಂಟೆಯಂತೆ ಆರು ದಿನ ದುಡಿದರೆ 72 ಗಂಟೆಗಳಾಗುತ್ತವೆ. ಹೆಚ್ಚುವರಿ 24 ಗಂಟೆಗಳಿಗೆ ದುಪ್ಪಟ್ಟು ದರ ಕೊಡಬೇಕೆಂಬುದು ಕಾರ್ಮಿಕ ಕಾನೂನಿನ ಸ್ಥಾಪಿತ ನಿಯಮ. 2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆಯೂ ಅದನ್ನೇ ಹೇಳುತ್ತದೆ. ದುಪ್ಪಟ್ಟು ದರದ 24 ಗಂಟೆ ಎಂದರೆ ಸಾಮಾನ್ಯ ದರದ 48 ಗಂಟೆ. ಅಂದರೆ 12 ಗಂಟೆಯ ಪಾಳಿಗೆ ನ್ಯಾಯವಾಗಿ ಸಲ್ಲಬೇಕಾದುದು ಎಂಟು ಗಂಟೆಯ ಸಂಬಳದ ಒಂದೂವರೆ ಪಟ್ಟಲ್ಲ, ಎರಡು ಪಟ್ಟು.

ದಿನದ 24 ಗಂಟೆಯೂ ಆರೈಕೆ ಬೇಕಾದ ರೋಗಿಗೆ ವಾರಕ್ಕೆ 14 ಪಾಳಿಗಳು ಬೇಕು. ಇಬ್ಬರು ವಾರದ ರಜೆ ಪಡೆದು ದುಡಿದರೆ ತುಂಬುವುದು 12 ಪಾಳಿ ಮಾತ್ರ. ಉಳಿದ ಎರಡಕ್ಕೆ ಮೂರನೆಯವರು ಬೇಕು. ಹತ್ತು ಜನ ನೌಕರರಿದ್ದರೆ ಇಎಸ್‌ಐ, ಇಪ್ಪತ್ತು ಜನರಾದರೆ ಭವಿಷ್ಯನಿಧಿ ಕಡ್ಡಾಯ. ಮಾಲೀಕರ ವಂತಿಗೆ ಕ್ರಮವಾಗಿ ಶೇ 3.25 ಮತ್ತು ಶೇ 12. ತಿಂಗಳಿಗೆ 18,000 ರೂಪಾಯಿ ಸಂಬಳವೆಂದು ಹಿಡಿದರೂ ಈ ಎರಡರಿಂದಲೇ 2,745 ರೂಪಾಯಿ ಹೆಚ್ಚುವರಿ ವೆಚ್ಚ ಬೀಳುತ್ತದೆ. ಮೇಲ್ವಿಚಾರಕ ದಾದಿ, ಕಚೇರಿ ಬಾಡಿಗೆ, ತರಬೇತಿ, ಕೆಲಸವಿಲ್ಲದ ದಿನಗಳಲ್ಲಿ ಸಿಬ್ಬಂದಿಯ ವಸತಿ ಇವೆಲ್ಲ ಬೇರೆ.

ಇದನ್ನೆಲ್ಲ ಕೂಡಿಸಿ ಹೇಳಿದ ದರವನ್ನು ಮಧ್ಯಮ ವರ್ಗದ ಕುಟುಂಬ ಭರಿಸಲಾರದು. ಪಿಂಚಣಿಯೊಂದನ್ನೇ ನಂಬಿದ ಮನೆಗಂತೂ ಅದು ಕನಸಿನ ಮಾತು. ಆಗ ಅಡ್ಡದಾರಿ ಹುಟ್ಟಿಕೊಳ್ಳುತ್ತದೆ. 'ನಾವು ಮಾಲೀಕರಲ್ಲ, ಬರೀ ಮಧ್ಯವರ್ತಿಗಳು' ಎಂದು ಸಂಸ್ಥೆ ಕಾಗದದಲ್ಲಿ ಬರೆದುಕೊಳ್ಳುತ್ತದೆ. ಇಬ್ಬರು ಮೂವರು ಮಾಡಬೇಕಾದ ಕೆಲಸಕ್ಕೆ 'ಮನೆಯಲ್ಲೇ ಇರುವವರು' ಎಂಬ ಹೆಸರಿನಲ್ಲಿ ಒಬ್ಬಳನ್ನೇ ಕಳುಹಿಸಲಾಗುತ್ತದೆ. ರಾತ್ರಿ ನಾಲ್ಕು ಬಾರಿ ಎದ್ದು ರೋಗಿಯನ್ನು ಮಗ್ಗುಲು ಹೊರಳಿಸಿದವಳ ಲೆಕ್ಕದಲ್ಲಿ ಅದು ನಿದ್ರೆಯ ಸಮಯ. ದಣಿದವಳ ಕೈತಪ್ಪಿಗೆ ಬೆಲೆ ತೆರುವವನು ಹಾಸಿಗೆಯಲ್ಲಿರುವ ರೋಗಿ.

ಖಾಸಗಿ ಆಸ್ಪತ್ರೆಗಳ ದಾದಿಯರ ವೇತನದ ಬಗ್ಗೆ 2016ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ನಿರ್ದೇಶನದ ಮೇರೆಗೆ ರಚನೆಯಾದ ಸಮಿತಿ, ಸಣ್ಣ ಆಸ್ಪತ್ರೆಗಳಲ್ಲೂ ಮಾಸಿಕ 20,000 ರೂಪಾಯಿಗಿಂತ ಕಡಿಮೆ ಇರಬಾರದೆಂದು ಶಿಫಾರಸು ಮಾಡಿತ್ತು. ಮನೆಗಳಲ್ಲಿ ದುಡಿಯುವವರಿಗೆ ಅಂತಹ ಶಿಫಾರಸಿನ ಆಸರೆಯೂ ಇಲ್ಲ.

ತೆರಿಗೆ ಒಂದೆಡೆ, ವಿಮೆ ಇನ್ನೊಂದೆಡೆ

ವೈದ್ಯಕೀಯ ಸಂಸ್ಥೆ, ಅಧಿಕೃತ ವೈದ್ಯರು ಮತ್ತು ಅರೆವೈದ್ಯಕೀಯ ಸಿಬ್ಬಂದಿ ನೀಡುವ ಆರೋಗ್ಯ ಸೇವೆಗೆ ಸರಕು ಮತ್ತು ಸೇವಾ ತೆರಿಗೆಯಿಂದ ವಿನಾಯಿತಿ ಇದೆ. ಮಾನವ ಸಂಪನ್ಮೂಲ ಪೂರೈಕೆಗೆ ಶೇ 18 ತೆರಿಗೆ. ನೋಂದಾಯಿತ ದಾದಿ ಗಾಯಕ್ಕೆ ಪಟ್ಟಿ ಕಟ್ಟಿದರೆ ಅದು ಆರೋಗ್ಯ ಸೇವೆ. ಸಹಾಯಕಿ ರೋಗಿಗೆ ಸ್ನಾನ ಮಾಡಿಸಿದರೆ ಅದು ಚಿಕಿತ್ಸೆಯೋ, ಆಳುಗಳ ಪೂರೈಕೆಯೋ? 30,000 ರೂಪಾಯಿಯ ಬಿಲ್ಲಿನಲ್ಲಿ ಈ ಒಂದು ಪ್ರಶ್ನೆಯ ಬೆಲೆ 5,400 ರೂಪಾಯಿ. ಬಿಲ್ಲನ್ನೇ ಕೊಡದ ಪೈಪೋಟಿದಾರನಿಗೆ ಈ ತಲೆನೋವೇ ಇಲ್ಲ.

ವಿಮೆಯೂ ಆಸ್ಪತ್ರೆಯ ಹಾಸಿಗೆಯನ್ನೇ ನಂಬಿದೆ. 2024ರ ಅಕ್ಟೋಬರ್‌ನಲ್ಲಿ ಆಯುಷ್ಮಾನ್ ಭಾರತ್ ಯೋಜನೆಯನ್ನು 70 ವರ್ಷ ದಾಟಿದ ಎಲ್ಲರಿಗೂ ವಿಸ್ತರಿಸಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ರಕ್ಷಣೆ ಘೋಷಿಸಲಾಯಿತು. ಅದು ಆಸ್ಪತ್ರೆಗೆ ದಾಖಲಾದವರ ಚಿಕಿತ್ಸೆಗೇ ಹೊರತು ತಿಂಗಳುಗಟ್ಟಲೆಯ ಮನೆ ಆರೈಕೆಗಲ್ಲ. ಮನೆ ಚಿಕಿತ್ಸೆಗೆ ವಿಮೆ ಕೊಡುವುದು ಅಸಾಧ್ಯವೇನೂ ಅಲ್ಲ. ಸಾಂಕ್ರಾಮಿಕದ ವರ್ಷವಾದ 2020ರಲ್ಲಿ ಬಂದ 'ಕೊರೊನಾ ಕವಚ' ಪಾಲಿಸಿಯಲ್ಲಿ 14 ದಿನಗಳವರೆಗಿನ ಮನೆ ಚಿಕಿತ್ಸೆ ಸೇರಿತ್ತು. ತುರ್ತಿನಲ್ಲಿ ಸಾಧ್ಯವಾದುದನ್ನು ನಿತ್ಯದ ಅಗತ್ಯಕ್ಕೆ ವಿಸ್ತರಿಸುವ ಪ್ರಯತ್ನ ಸಾಕಷ್ಟು ನಡೆದಿಲ್ಲ.

ಬಾಗಿಲ ಒಳಗಿನ ಭದ್ರತೆ

ಅಪರಿಚಿತರನ್ನು ಮನೆಯೊಳಗೆ ಬಿಟ್ಟುಕೊಳ್ಳುವ ಭಯ ಕುಟುಂಬಕ್ಕೆ ಸಹಜ. ಒಡವೆ, ನಗದು ಕಾಣೆಯಾದ ದೂರು ಬಂದರೆ ಸಂಸ್ಥೆಯ ಹೆಸರೇ ಮುಳುಗುತ್ತದೆ. ಸೇವಾಸಿಂಧು ಪೋರ್ಟಲ್ ಮೂಲಕ ಪೊಲೀಸ್ ಪರಿಶೀಲನೆ ಮಾಡಿಸಬಹುದಾದರೂ, ನಾಳೆಯೇ ಆಸ್ಪತ್ರೆಯಿಂದ ಮನೆಗೆ ಬರುವ ರೋಗಿಗೆ ಇಂದೇ ಜನ ಬೇಕೆನ್ನುವವರ ಅವಸರದ ಮುಂದೆ ಅದು ಹಿಂದೆ ಬೀಳುತ್ತದೆ.

ಭಯ ಒಂದೇ ಕಡೆಯದಲ್ಲ. ಮುಚ್ಚಿದ ಬಾಗಿಲ ಹಿಂದೆ ಒಂಟಿಯಾಗಿ ದುಡಿಯುವ ಮಹಿಳೆಗೂ ರಕ್ಷಣೆ ಬೇಕು. ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯು ವಾಸದ ಮನೆಯನ್ನೂ ಕೆಲಸದ ಸ್ಥಳವೆಂದೇ ಪರಿಗಣಿಸುತ್ತದೆ. ಹತ್ತು ನೌಕರರಿರುವ ಸಂಸ್ಥೆಯಲ್ಲಿ ಆಂತರಿಕ ಸಮಿತಿ ಇರಬೇಕು. ಸಂಸ್ಥೆ ತಾನು ಮಧ್ಯವರ್ತಿಯಷ್ಟೇ ಎಂದುಬಿಟ್ಟರೆ ಅವಳು ದೂರು ಹೇಳಬೇಕಾದುದು ಯಾರಲ್ಲಿ? ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ಹೋಗಬಹುದೆಂಬ ಅರಿವು ಎಷ್ಟು ಮಂದಿಗಿದೆ?

ಇದರ ಜತೆಗೆ ಉದ್ಯಮದ ಇನ್ನೊಂದು ಹಳೆಯ ಕಾಯಿಲೆಯಿದೆ. ತಿಂಗಳೊಪ್ಪತ್ತಿನಲ್ಲಿ ನಂಬಿಕೆ ಬೆಳೆದ ಮೇಲೆ ಕುಟುಂಬವೇ ಸಹಾಯಕಿಯನ್ನು ನೇರವಾಗಿ ನೇಮಿಸಿಕೊಳ್ಳುತ್ತದೆ. ಸಂಸ್ಥೆಗೆ ಕೊಡುವ ಪಾಲು ಉಳಿಯುತ್ತದೆ, ಅವಳಿಗೂ ನಾಲ್ಕು ಕಾಸು ಹೆಚ್ಚು ಸಿಗುತ್ತದೆ. ತರಬೇತಿಗೆ ಹಣ ಹಾಕಿದ ಸಂಸ್ಥೆ ಕೈ ಸುಟ್ಟುಕೊಳ್ಳುತ್ತದೆ. ಆದರೆ ಅವಳಿಗೆ ಜ್ವರ ಬಂದ ದಿನ ಬದಲಿ ಜನ ಕಳುಹಿಸುವವರು ಯಾರೂ ಇರುವುದಿಲ್ಲ ಎಂಬುದು ಕುಟುಂಬಕ್ಕೆ ತಡವಾಗಿ ತಿಳಿಯುತ್ತದೆ.

ಕಾನೂನಿನ ಶೂನ್ಯ

ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ 2007ರಲ್ಲಿ ಬಂತು, 2017ರಲ್ಲಿ ವೈದ್ಯರ ಮುಷ್ಕರದ ನಡುವೆ ತಿದ್ದುಪಡಿಯಾಯಿತು. ಆಸ್ಪತ್ರೆ, ಚಿಕಿತ್ಸಾಲಯ, ಪ್ರಯೋಗಾಲಯಗಳನ್ನು ಗಮನದಲ್ಲಿಟ್ಟು ರೂಪಿಸಿದ ಆ ಕಾಯ್ದೆಯ ಚೌಕಟ್ಟಿಗೆ, ಒಂದು ಮೇಜು ಮತ್ತು ಒಂದು ದೂರವಾಣಿಯಿಂದ ನಡೆಯುವ ಈ ಸಂಸ್ಥೆಗಳು ಸಲೀಸಾಗಿ ಹೊಂದುವುದಿಲ್ಲ.

ಅವಕಾಶವೊಂದು ಬಂದಿತ್ತು. ಪೋಷಕರು ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆಗೆ ತಿದ್ದುಪಡಿ ತರುವ ಮಸೂದೆಯನ್ನು 2019ರ ಡಿಸೆಂಬರ್‌ನಲ್ಲಿ ಲೋಕಸಭೆಯಲ್ಲಿ ಮಂಡಿಸಲಾಯಿತು. ಹಿರಿಯರಿಗೆ ಮನೆ ಆರೈಕೆ ನೀಡುವ ಸಂಸ್ಥೆಗಳ ನೋಂದಣಿ ಮತ್ತು ಕನಿಷ್ಠ ಗುಣಮಟ್ಟದ ಪ್ರಸ್ತಾವ ಅದರಲ್ಲಿತ್ತು. ಸ್ಥಾಯಿ ಸಮಿತಿಯ ಪರಿಶೀಲನೆ ಮುಗಿದರೂ ಮಸೂದೆ ಅಂಗೀಕಾರವಾಗಲಿಲ್ಲ. 2024ರಲ್ಲಿ ಆ ಲೋಕಸಭೆಯ ವಿಸರ್ಜನೆಯೊಂದಿಗೆ ಅದೂ ಬಿದ್ದುಹೋಯಿತು.

ಮುಂದಿನ ದಾರಿ

ಬಿಗಿ ನಿಯಮ ತಂದರೆ ದರ ಏರಿ ಜನ ಮತ್ತೆ ನೋಂದಣಿಯಿಲ್ಲದವರ ಬಳಿಗೇ ಹೋಗುತ್ತಾರೆ ಎಂಬ ವಾದವಿದೆ. ಅದನ್ನು ತಳ್ಳಿಹಾಕುವಂತಿಲ್ಲ. ಆದ್ದರಿಂದ ನಿಯಮದ ಜತೆಗೇ ನೆರವೂ ಬರಬೇಕು. ದಾದಿ ಮತ್ತು ಸಹಾಯಕಿ ಎಂಬ ಎರಡು ವರ್ಗಗಳನ್ನು ಸ್ಪಷ್ಟವಾಗಿ ಬೇರ್ಪಡಿಸಿ, ಯಾರು ಏನು ಮಾಡಬಹುದು, ಏನು ಮಾಡಬಾರದು ಎಂಬುದನ್ನು ಕರಾರಿನಲ್ಲಿ ಬರೆಯುವುದು ಮೊದಲ ಹೆಜ್ಜೆ. ಅದಕ್ಕೆ ಹಣ ಬೇಕಿಲ್ಲ. ನೋಂದಾಯಿಸಿಕೊಂಡ ಸಂಸ್ಥೆಯ ಸಹಾಯಕಿಯರ ಸೇವೆಗೂ ತೆರಿಗೆ ವಿನಾಯಿತಿ ಎಂದು ಸ್ಪಷ್ಟಪಡಿಸಿದರೆ ಪ್ರಾಮಾಣಿಕರಿಗೆ ನೋಂದಣಿಯೇ ಲಾಭವಾಗುತ್ತದೆ.

ಎರಡನೆಯದಾಗಿ, ಎಲ್ಲ ರೋಗಿಗಳಿಗೂ 12 ಗಂಟೆಯ ಜನ ಬೇಕಿಲ್ಲ. ವಾರಕ್ಕೆ ಎರಡು ಬಾರಿ ದಾದಿಯ ಭೇಟಿ, ಫಿಸಿಯೋಥೆರಪಿ ಮತ್ತು ಮನೆಯವರಿಗೆ ಸ್ವಲ್ಪ ತರಬೇತಿ ಸಿಕ್ಕರೆ ಅನೇಕ ಮನೆಗಳು ಸಂಭಾಳಿಸಿಕೊಳ್ಳಬಲ್ಲವು. ತೋಟದ ನಡುವೆ ದೂರ ದೂರ ಮನೆಗಳಿರುವ ನಮ್ಮ ಜಿಲ್ಲೆಗಳಲ್ಲಿ ಪ್ರಯಾಣದ ವೆಚ್ಚವೇ ಇಂತಹ ಸೇವೆಗೆ ಅಡ್ಡಿ. ಇಲ್ಲಿ ಸರ್ಕಾರ ಕೈಜೋಡಿಸಬೇಕು. ತಮಿಳುನಾಡು 2021ರ ಆಗಸ್ಟ್‌ನಲ್ಲಿ ಆರಂಭಿಸಿದ 'ಮಕ್ಕಳೈ ತೇಡಿ ಮರುತ್ತುವಂ' ಯೋಜನೆಯಲ್ಲಿ ಮನೆಬಾಗಿಲ ಫಿಸಿಯೋಥೆರಪಿ ಮತ್ತು ಉಪಶಾಮಕ ಆರೈಕೆಗಳು ಸೇರಿವೆ. ಕರ್ನಾಟಕ 2024ರಲ್ಲಿ ಆರಂಭಿಸಿದ 'ಗೃಹ ಆರೋಗ್ಯ' ಯೋಜನೆ ಮನೆ ಮನೆಯಲ್ಲಿ ರಕ್ತದೊತ್ತಡ, ಮಧುಮೇಹದಂತಹ ಕಾಯಿಲೆಗಳ ತಪಾಸಣೆಗೆ ಒತ್ತು ಕೊಟ್ಟಿದೆ. ಕಾಯಿಲೆ ಪತ್ತೆಹಚ್ಚಲು ಬಾಗಿಲಿಗೆ ಬರುವ ವ್ಯವಸ್ಥೆ, ಹಾಸಿಗೆ ಹಿಡಿದವರ ಆರೈಕೆಗೂ ಒಳಗೆ ಬರಬೇಕು. ನರ್ಸಿಂಗ್ ಕಾಲೇಜುಗಳು ದಟ್ಟವಾಗಿರುವ ಮಂಗಳೂರಿನಂತಹ ಕಡೆ ಸಹಾಯಕಿಯರ ತರಬೇತಿಗೆ ಸ್ಥಳ, ಶಿಕ್ಷಕರ ಕೊರತೆಯಾಗದು.

ಆರೈಕೆಯನ್ನು ಇಷ್ಟು ಕಾಲ ಮನೆಯ ಹೆಣ್ಣುಮಕ್ಕಳು ಸಂಬಳವಿಲ್ಲದೆ ಮಾಡಿದರು. ಅದಕ್ಕೆ ಬೆಲೆಯಿದೆ ಎಂಬುದೇ ನಮ್ಮ ಗಮನಕ್ಕೆ ಬರಲಿಲ್ಲ. ಇಂದು ಅದೇ ಕೆಲಸಕ್ಕೆ ಹೊರಗಿನವರನ್ನು ಕರೆಯುವಾಗಲೂ ಹಳೆಯ ಲೆಕ್ಕವನ್ನೇ ಹಿಡಿದು ಕುಳಿತಿದ್ದೇವೆ. ಆ ಲೆಕ್ಕ ಬದಲಾಗದಿದ್ದರೆ ಗೋಡೆಯ ಮೇಲಿನ ಎರಡು ಜಾಹೀರಾತುಗಳಲ್ಲಿ 'ಬೇಕಾಗಿದ್ದಾರೆ' ಎಂಬುದೊಂದೇ ಉಳಿಯುವ ದಿನ ದೂರವಿಲ್ಲ.